ಸ್ತ್ರೀವಾದಕ್ಕೂ ಪುರುಷ ಹಕ್ಕುಗಳ ಹೋರಾಟಕ್ಕೂ ಗುರಿ ಒಂದೆಯೇ?

ಸಮದರ್ಶಿ: ಒಂದೇ ಎಂಬುದು ನನ್ನ ದೃಢ ನಂಬಿಕೆ. 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮಹಿಳಾ ಹಕ್ಕುಗಳ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ವಾದಿಸಿದ್ದು ಸ್ಟೀಫನ್ ವೀಸನ್‌ಫೆಲ್ಡ್ ಎಂಬ ಗಂಡಸಿನ ಪರವಾಗಿ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಹಸುಗೂಸನ್ನು ತಾನೇ ಸಾಕಲು ನಿಂತ ಆತನಿಗೆ, ವಿಧವೆ ತಾಯಿಗೆ ಸಿಗುತ್ತಿದ್ದ ಸಾಮಾಜಿಕ ಭದ್ರತೆಯ ಹಣ ಗಂಡಸೆಂಬ ಕಾರಣಕ್ಕೇ ಸಿಗುತ್ತಿರಲಿಲ್ಲ.

ನಿಷ್ಠುರವಾದಿ: ‘ಗಂಡಸಿನ ಪರವಾಗಿ’ ಎಂಬುದು ಅರ್ಧಸತ್ಯ. ದುಡಿಯುವ ಹೆಣ್ಣು ಕಟ್ಟಿದ ತೆರಿಗೆಯಿಂದ ಅವಳ ಕುಟುಂಬಕ್ಕೆ, ದುಡಿಯುವ ಗಂಡಿನ ಕುಟುಂಬಕ್ಕೆ ಸಿಗುವಷ್ಟು ರಕ್ಷಣೆ ಸಿಗುತ್ತಿಲ್ಲ ಎಂಬುದೇ ಆ ತೀರ್ಪಿನ ಮುಖ್ಯ ಆಧಾರ. ಆತನಿಗಾದ ಲಾಭ ಪ್ರಾಸಂಗಿಕ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂಕಿಅಂಶದಂತೆ ಗಂಡಸರ ಆತ್ಮಹತ್ಯೆಯ ಪ್ರಮಾಣ ಹೆಂಗಸರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದಕ್ಕಾಗಿ ಸ್ತ್ರೀವಾದಿಗಳು ಮಾಡಿದ್ದೇನು?

ಚಿಂತನಾ: ‘ಪ್ರಾಸಂಗಿಕ’ವೇ? ಕೈಗೂಸನ್ನಿಟ್ಟುಕೊಂಡ ತಂದೆಗೆ ಆ ಹಣ ಪ್ರಾಸಂಗಿಕವಾಗಿತ್ತೆಂದು ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು? ದುಡಿಯುವವನು ಗಂಡು, ಮಗುವನ್ನು ನೋಡಿಕೊಳ್ಳುವವಳು ಹೆಣ್ಣು ಎಂಬ ಒಂದೇ ಊಹೆ ಅವಳ ದುಡಿಮೆಯನ್ನೂ ಇವನ ತಂದೆತನವನ್ನೂ ಒಟ್ಟಿಗೇ ಕಡೆಗಣಿಸಿತ್ತು.

ನಿಷ್ಠುರವಾದಿ: ಊಹೆ ಒಂದೇ ಆದ ಮಾತ್ರಕ್ಕೆ ಗುರಿಯೂ ಒಂದೇ ಆಗಬೇಕಿಲ್ಲ. ನನ್ನ ಮನಸ್ಸನ್ನು ಅಳೆಯುವುದನ್ನು ಬಿಟ್ಟು ತೀರ್ಪನ್ನು ಓದಿ.

ನೇರನುಡಿ: ಓದಿದ್ದೇನೆ. ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಹಿಡಿದದ್ದು ಮಗುವಿನ ಪಕ್ಷವನ್ನು: ಬದುಕುಳಿದ ಪೋಷಕರ ಆರೈಕೆ ಮಗುವಿಗೆ ದೊರೆಯಲೆಂದೇ ಇರುವ ಸೌಲಭ್ಯವನ್ನು ಆ ಪೋಷಕರ ಲಿಂಗ ನೋಡಿ ನಿರಾಕರಿಸುವುದು ತರ್ಕಹೀನ ಎಂದರು. ನೀವಿಬ್ಬರೂ ಗೆಲುವು ಗಂಡನದೋ ಹೆಂಡತಿಯದೋ ಎಂದು ಜಗಳವಾಡುತ್ತಾ ಮಗುವನ್ನು ಮರೆತಿದ್ದೀರಿ.

ಚಿಂತನಾ: ಮರೆತಿಲ್ಲ. ‘ಕೈಗೂಸು’ ಎಂದು ಬರೆದವಳೇ ನಾನು.

ಸಮದರ್ಶಿ: ಆ ಮೊಕದ್ದಮೆಯೊಂದೇ ಅಲ್ಲ. ಸೈನ್ಯದ ಕಡ್ಡಾಯ ನೋಂದಣಿ ಗಂಡಸರಿಗೆ ಮಾತ್ರ ಎಂಬ ಕಾನೂನು 1981ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಾಗ, ಅದು ಸಂವಿಧಾನಕ್ಕೆ ವಿರುದ್ಧವೆಂದು ಲಿಖಿತ ವಾದ ಸಲ್ಲಿಸಿದವರಲ್ಲಿ ಅಲ್ಲಿನ ರಾಷ್ಟ್ರೀಯ ಮಹಿಳಾ ಸಂಘಟನೆಯೂ ಇತ್ತು.

ನಿಷ್ಠುರವಾದಿ: ‘ಲಿಖಿತ ವಾದ’ ಸಲ್ಲಿಸಿದರು, ಕಾನೂನು ಹಾಗೆಯೇ ಉಳಿಯಿತು. ಅಲ್ಲೂ ಅವರ ಕಾಳಜಿ, ನೋಂದಣಿಯಿಂದ ಹೊರಗಿಟ್ಟರೆ ಹೆಣ್ಣು ಎರಡನೇ ದರ್ಜೆಯ ಪ್ರಜೆಯಾಗುತ್ತಾಳೆ ಎಂಬುದೇ ಆಗಿತ್ತು.

ಚಿಂತನಾ: ಹಾಗಾದರೆ ಗಂಡಸರಿಗೆ ಒಳಿತಾಗುವ ವಾದವನ್ನು ಹೆಂಗಸರು ತಮ್ಮ ಹಿತವನ್ನು ಬಿಟ್ಟುಕೊಟ್ಟೇ ಮಂಡಿಸಬೇಕೆಂದು ನೀವು ಕೇಳುತ್ತಿದ್ದೀರಿ. ಅಂಥ ಷರತ್ತನ್ನು ಪುರುಷ ಹಕ್ಕುಗಳವರಿಗೂ ವಿಧಿಸುತ್ತೀರಾ?

ನಿಷ್ಠುರವಾದಿ: ಷರತ್ತನ್ನು ನಾನು ವಿಧಿಸಿಲ್ಲ. ಆತ್ಮಹತ್ಯೆಯ ಬಗ್ಗೆ ಕೇಳಿದ್ದೆ, ಅದಕ್ಕೆ ಇದುವರೆಗೂ ಯಾರೂ ಉತ್ತರಿಸಿಲ್ಲ.