ಐರಿಷ್ ಭಾಷೆಯ ‘ಫ್ವಿನ್ಯೋಗ್’: ಕಿಟಕಿಗೆ ಈ ಹೆಸರು ಎಲ್ಲಿಂದ ಬಂತು?

ಪ್ರಶ್ನೆ (ವಿರಾಜಪೇಟೆ):
ನನ್ನ ಅಣ್ಣನ ಮಗಳು ಡಬ್ಲಿನ್ನಿನಲ್ಲಿ ನರ್ಸ್ ಆಗಿದ್ದಾಳೆ. ಅವಳ ಮಗನಿಗೆ ಶಾಲೆಯಲ್ಲಿ ಐರಿಷ್ ಕಲಿಸುತ್ತಾರೆ. ಆ ಭಾಷೆಯಲ್ಲಿ ಕಿಟಕಿಗೆ ‘ಫ್ವಿನ್ಯೋಗ್’ ಎನ್ನುತ್ತಾರಂತೆ. ಜರ್ಮನ್ನರ ‘ಫೆನ್‌ಸ್ಟರ್’ನಂತೆ ಇದೂ ಲ್ಯಾಟಿನ್ನಿನ ‘ಫೆನೆಸ್ತ್ರಾ’ದಿಂದಲೇ ಬಂದದ್ದೇ? ಬೇರೆ ಅರ್ಥಗಳಿದ್ದರೆ ಅವನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿ):
ಮೊದಲಕ್ಷರ ನೋಡಿದರೆ ಹಾಗೆನಿಸುವುದು ಸಹಜ, ಆದರೆ ಮೂಲ ಲ್ಯಾಟಿನ್ ಅಲ್ಲ. ಸ್ಕ್ಯಾಂಡಿನೇವಿಯಾದಿಂದ ಹಡಗೇರಿ ಬಂದ ವೈಕಿಂಗರು 841ರಲ್ಲಿ ಡಬ್ಲಿನ್ನಿನಲ್ಲಿ ನೆಲೆಯೂರಿದರು. ಅವರ ಹಳೆಯ ನಾರ್ಸ್ ನುಡಿಯಲ್ಲಿ ಕಿಟಕಿಗೆ ‘ವಿಂಡೌಗ’ ಎಂಬ ಹೆಸರಿತ್ತು. ‘ವಿಂಡ್’ ಎಂದರೆ ಗಾಳಿ, ‘ಔಗ’ ಎಂದರೆ ಕಣ್ಣು. ಗಾಜಿಲ್ಲದ ಆ ಕಾಲದ ಮನೆಗಳಲ್ಲಿ ಒಲೆಯ ಹೊಗೆ ಹೊರಹೋಗಲು ಮತ್ತು ಬೆಳಕು ಒಳಬರಲು ಬಿಟ್ಟ ಕಂಡಿಗೆ ಈ ಹೆಸರು ಸರಿಯಾಗಿಯೇ ಒಪ್ಪುತ್ತದೆ. ಐರಿಷರ ಬಾಯಲ್ಲಿ ಮೊದಲಿನ ‘ವ’ಕಾರ ‘ಫ’ಕಾರವಾಯಿತು, ಕೊನೆಯ ಭಾಗವು ಆ ಭಾಷೆಯ ಅನೇಕ ಸ್ತ್ರೀಲಿಂಗ ಪದಗಳಲ್ಲಿರುವ ‘ಓಗ್’ ಪ್ರತ್ಯಯದ ರೂಪ ತಾಳಿತು. ಇಂಗ್ಲಿಷಿನ ‘ವಿಂಡೋ’ ಕೂಡ ಇದೇ ನಾರ್ಸ್ ಪದದಿಂದ ಹುಟ್ಟಿದ್ದರಿಂದ ಅದು ಇದರ ತಾಯಿಯಲ್ಲ, ಒಡಹುಟ್ಟಿದ್ದು. ಸಂತೆ, ಅಂಗಿಯ ಗುಂಡಿ, ದೋಣಿಯ ಚುಕ್ಕಾಣಿ ಇವುಗಳ ಐರಿಷ್ ಹೆಸರುಗಳೂ ವೈಕಿಂಗರ ಕೊಡುಗೆಯೇ.

ಉತ್ತರ (ಸೋಮವಾರಪೇಟೆ):
ಮೇಲಿನ ವಿವರಣೆ ಸರಿ; ಆದರೆ ಲ್ಯಾಟಿನ್ನನ್ನು ಪೂರ್ತಿ ಕೈಬಿಡುವಂತಿಲ್ಲ. ಹಳೆಯ ಐರಿಷ್‌ನಲ್ಲಿ ‘ಸೆನಿಸ್ಟರ್’ ಎಂಬ ಪದವಿತ್ತು, ಅದು ‘ಫೆನೆಸ್ತ್ರಾ’ದಿಂದ ಬಂದದ್ದು, ಅಂದಿನ ಎರವಲು ಪದಗಳಲ್ಲಿ ಲ್ಯಾಟಿನ್ನಿನ ‘ಫ’ಕಾರ ‘ಸ’ಕಾರವಾಗುತ್ತಿತ್ತು. ಅದನ್ನು ಬದಿಗೊತ್ತಿ ವೈಕಿಂಗರ ಪದ ಬಳಕೆಗೆ ಬಂತು. ಐರಿಷ್‌ನಲ್ಲಿ ಗಾಳಿಗೆ ‘ಗ್ವೀ’, ಕಣ್ಣಿಗೆ ‘ಸೂಲ್’ ಎನ್ನುವುದರಿಂದ ಅಲ್ಲಿಯ ಮಗುವಿಗೆ ಆ ಪದದೊಳಗೆ ಗಾಳಿಯೂ ಕಾಣದು, ಕಣ್ಣೂ ಕಾಣದು. ನಮ್ಮ ‘ಗವಾಕ್ಷಿ’ಯಲ್ಲಿ ಎತ್ತಿನ ಕಣ್ಣಿದೆ, ‘ಅಕ್ಷಿ’ ಮತ್ತು ‘ಔಗ’ ಒಂದೇ ಮೂಲದವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಕರಾವಳಿಯವರ ‘ಜನೆಲು’ ಮಾತ್ರ ಪೋರ್ಚುಗೀಸರದು, ಅದರ ಬೇರು ‘ಬಾಗಿಲು’ ಎಂಬರ್ಥದ ಲ್ಯಾಟಿನ್ ಪದದಲ್ಲಿದೆ.

ಉತ್ತರ (ಗೋಣಿಕೊಪ್ಪ):
ಅರ್ಥದ ಬಗ್ಗೆ ಹೇಳುವುದಾದರೆ, ಕಂಪ್ಯೂಟರ್ ಪರದೆಯ ಮೇಲೆ ತೆರೆಯುವ ಕಿಟಕಿಗೂ ಅಲ್ಲಿ ಅದೇ ಪದ. ಒಂದು ಎಚ್ಚರಿಕೆ: ‘ಫ್ವಿನ್‌ಶೋಗ್’ ಎಂಬ ಇನ್ನೊಂದು ಪದ ಕಿವಿಗೆ ಹತ್ತಿರವಿದ್ದರೂ ಅದು ಆ್ಯಶ್ ಮರದ ಹೆಸರು. ಹಾಕಿಯ ನಾಡಿನವರಾದ ನಮಗೆ ಇದು ಹಿಡಿಸಬೇಕು, ಏಕೆಂದರೆ ಅವರ ಹರ್ಲಿಂಗ್ ಆಟದ ಕೋಲನ್ನು ಬಹುಕಾಲದಿಂದ ಆ ಮರದಿಂದಲೇ ಮಾಡುತ್ತಾ ಬಂದಿದ್ದಾರೆ.