ಬೆಡ್ ನಂಬರ್ ನೋಡಿ ಇಂಜೆಕ್ಷನ್ ಕೊಟ್ರೆ ಸಾಲದಾ?

ಪ್ರಶ್ನೆ:
ಜಿಎನ್ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮಹಿಳಾ ಮೆಡಿಕಲ್ ವಾರ್ಡಿಗೆ ಸೇರಿ ನಾಲ್ಕು ತಿಂಗಳಾಯ್ತು. ನೈಟ್ ಡ್ಯೂಟಿಗೆ 28 ಪೇಷೆಂಟು, ಇಬ್ಬರೇ ಸಿಸ್ಟರ್. ಪ್ರತಿ ಡೋಸಿಗೂ ಹೆಸರು ಕೇಳಿ, ಕೈಪಟ್ಟಿಯ ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡೋ ನಂಬರ್) ನೋಡಿ ಅಂತಾರೆ ಇನ್‌ಚಾರ್ಜ್. ಮೂರು ದಿನದಿಂದ ನೋಡ್ತಿರೋ ಅಜ್ಜಿಗೆ ಮತ್ತೆ ಹೆಸರು ಕೇಳಿದ್ರೆ 'ಮರೆವು ನಂಗಾ ನಿಂಗಾ?' ಅಂತ ಬೈತಾರೆ. ನೀವೆಲ್ಲ ನಿಜವಾಗ್ಲೂ ಕೇಳ್ತೀರಾ?

ಉತ್ತರ 1 (19 ವರ್ಷ ಸರ್ವೀಸು):
ಕೇಳ್ತೀನಿ. ಮೊದಲು ಕೇಳ್ತಿರ್ಲಿಲ್ಲ.

11ನೇ ಬೆಡ್ಡಲ್ಲಿ ಒಬ್ಬರು ಲಕ್ಷ್ಮಮ್ಮ, ಶುಗರ್. 14ರಲ್ಲಿ ಇನ್ನೊಬ್ಬರು ಲಕ್ಷ್ಮಮ್ಮ, ನ್ಯುಮೋನಿಯಾ. ಬೆಳಗ್ಗೆ ಇನ್ಸುಲಿನ್ ಎಳ್ಕೊಂಡು 11ರ ಹತ್ರ ಹೋಗಿ 'ಲಕ್ಷ್ಮಮ್ಮ ಅಲ್ವಾ?' ಅಂದೆ. 'ಹೂಂ ಕಣವ್ವ.' ಹೊಟ್ಟೆಗೆ ಸ್ಪಿರಿಟ್ ಒರೆಸ್ತಿದ್ದಾಗ ಅವರು ಮೆಲ್ಲಗೆ, 'ಹೊಟ್ಟೆಗೂ ಚುಚ್ತೀರಾ ಇವತ್ತು?' ಕೈಪಟ್ಟಿ ತಿರುಗಿಸಿ ನೋಡ್ತೀನಿ, ಐಪಿ ನಂಬರ್ 14ರವರದ್ದು! ರಾತ್ರಿ ಫ್ಯಾನಿನ ಗಾಳಿಗೋಸ್ಕರ ಇಬ್ಬರೂ ಬೆಡ್ ಬದಲಾಯಿಸ್ಕೊಂಡಿದ್ರು. ಖಾಲಿ ಹೊಟ್ಟೆ, ಶುಗರ್ ಇಲ್ಲದ ಜೀವ, ಸಿರಿಂಜಲ್ಲಿ 16 ಯೂನಿಟ್. ಆಮೇಲೆ ಕೈ ನಡುಕ ನಿಲ್ಲೋಕೆ ಎಷ್ಟು ಹೊತ್ತು ಹಿಡೀತೋ.

'ಅಲ್ವಾ' ಅಂತ ಕೇಳಲೇಬೇಡಿ. ಕಿವಿ ಮಂದ ಇರೋರು, ಆಸ್ಪತ್ರೆಗೆ ಹೆದರಿದೋರು ಎಲ್ಲಕ್ಕೂ ಹೂಂಗುಟ್ತಾರೆ. ಹೆಸರು ಅವರ ಬಾಯಿಂದಲೇ ಬರಲಿ. ಎರಡು ಗುರುತು ನೋಡಿ, ರೂಮ್ ನಂಬರ್ ಗುರುತಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಅವರು ಹೆಸರಿನ ಜೊತೆ ಹುಟ್ಟಿದ ದಿನ ಅಂತಾರೆ, ನಮ್ಮಲ್ಲಿ ಅದು ನಡೆಯಲ್ಲ ಬಿಡಿ. ವಾರ್ಡಿನ ಅರ್ಧ ಅಜ್ಜಿಯರು ಆಧಾರಲ್ಲಿ ಜನವರಿ 1ಕ್ಕೇ ಹುಟ್ಟಿದೋರು! ಐಪಿ ನಂಬರೇ ಗಟ್ಟಿ.

ಉತ್ತರ 2 (ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್):
ಕ್ರಾಸ್‌ಮ್ಯಾಚ್ ಸ್ಯಾಂಪಲ್ಲಿಗೂ, ಅಂದ್ರೆ ಕೊಡೋ ರಕ್ತ ಪೇಷೆಂಟಿಗೆ ಹೊಂದುತ್ತಾ ಅಂತ ನೋಡೋಕೆ ತೆಗೆಯೋ ರಕ್ತಕ್ಕೂ, ಇದೇ. ರಕ್ತ ತೆಗೆದ ಮೇಲೆ ಬೆಡ್ ಪಕ್ಕದಲ್ಲೇ ಲೇಬಲ್ ಅಂಟಿಸಿ. ಮೊದಲೇ ಹೆಸರು ಬರೆದ ನಾಲ್ಕು ಟ್ಯೂಬ್ ಜೇಬಲ್ಲಿಟ್ಕೊಂಡು ರೌಂಡ್ ಹೊಡೆಯೋರನ್ನ ಕಂಡ್ರೆ ನಂಗೆ ಎದೆ ಧಸಕ್ ಅನ್ನುತ್ತೆ. ರಿಕ್ವೆಸ್ಟಲ್ಲಿ 'ಮಂಜುನಾಥ', ಟ್ಯೂಬಲ್ಲಿ 'ಮಂಜುನಾಥ ಕೆ' ಇದ್ರೂ ವಾಪಸ್ ಕಳಿಸ್ತೀನಿ. ಬೈಸ್ಕೊಳ್ತೀನಿ, ಪರವಾಗಿಲ್ಲ.

ಪ್ರಶ್ನೆ ಕೇಳಿದವರು:
ಕೈ ಊದಿದೆ ಅಂತ ಪಟ್ಟಿ ಕತ್ತರಿಸಿ ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿರ್ತಾರಲ್ಲ, ಅದಕ್ಕೇನು ಮಾಡೋದು?

ಉತ್ತರ 1:
ಆಗ ಅದು ಸ್ಟ್ಯಾಂಡಿನ ಹೆಸರಾಯ್ತು. ಕತ್ತರಿಸಿದೋರೇ ಹೊಸದು ತರಿಸಿ ಇನ್ನೊಂದು ಕೈಗೋ ಕಾಲಿಗೋ ಹಾಕ್ಬೇಕು, ಡೋಸ್ ಆಮೇಲೆ. ಅಜ್ಜಿ ಬೈದ್ರೆ 'ಬೇರೆಯೋರ ಔಷಧಿ ನಿಮಗೆ ಬರಬಾರದಲ್ಲ, ಅದಕ್ಕೇ ಕೇಳ್ತೀನಿ' ಅನ್ನಿ. ನನಗೆ ಬೈತಿದ್ದ ಒಬ್ಬರು ಆಮೇಲೆ ನನ್ನ ಟ್ರೇ ಕಂಡ ಕೂಡಲೇ ಹೆಸರು, ಊರು, ಗಂಡನ ಹೆಸರು ಎಲ್ಲಾ ಒದರೋರು.