ನರಕೋಶಕ್ಕೂ ಬೆಳಕಿಗೂ ಏನು ಸಂಬಂಧ?

ಪ್ರಶ್ನೆ:
ನಾನು ಬಿಎಸ್ಸಿ ಓದುತ್ತಿದ್ದೇನೆ. ಇಲಿಯ ಮಿದುಳಿಗೆ ಕೂದಲಿನಂಥ ಫೈಬರ್ ಇಳಿಸಿ ನೀಲಿ ಬೆಳಕು ಬಿಟ್ಟ ಕೂಡಲೇ ಅದು ಒಂದೇ ಕಡೆಗೆ ಸುತ್ತುವ ವಿಡಿಯೊ ನೋಡಿದೆ. ಎರಡು ದಿನದಿಂದ ತಲೆಯಲ್ಲಿ ಅದೇ ಓಡುತ್ತಿದೆ. ನರದಲ್ಲಿ ಹರಿಯುವುದು ಕರೆಂಟ್ ಅಲ್ವಾ? ಅಲ್ಲಿ ಬೆಳಕಿಗೇನು ಕೆಲಸ? ಅಂಗೈಗೆ ಟಾರ್ಚ್ ಬಿಟ್ಟರೆ ನನ್ನ ಬೆರಳೇನೂ ಅಲುಗುವುದಿಲ್ಲವಲ್ಲ.

ಉತ್ತರ 1:
ತಂತಿಯ ಕರೆಂಟ್ ಬೇರೆ, ಇದು ಬೇರೆ. ಇಲ್ಲಿ ಅಯಾನುಗಳು, ಅಂದರೆ ಪ್ಲಸ್ ಅಥವಾ ಮೈನಸ್ ಚಾರ್ಜ್ ಇರುವ ಕಣಗಳು, ಕೋಶದ ಪೊರೆ ದಾಟುತ್ತವೆ. ಸುಮ್ನೆ ಇರುವ ನರಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್ ಇರುತ್ತದೆ. ಅದು ಮೈನಸ್ 55ರ ಹತ್ತಿರ ಬಂತೋ, ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ, ಒಳಗೆಲ್ಲ ಪ್ಲಸ್ ಆಗುತ್ತದೆ, ಅದರ ಬೆನ್ನಿಗೇ ಪೊಟ್ಯಾಸಿಯಂ ಹೊರಹೋಗಿ ಮತ್ತೆ ಮೊದಲಿನಂತೆ ಆಗುತ್ತದೆ, ಇಷ್ಟೂ ಒಂದೆರಡು ಮಿಲಿಸೆಕೆಂಡಿನಲ್ಲಿ. ಒಂದು ಕಡೆ ಹೀಗಾದರೆ ಪಕ್ಕದ ಬಾಗಿಲುಗಳೂ ತೆರೆಯುತ್ತವೆ, ಸಿಗ್ನಲ್ ಮುಂದೆ ಸಾಗುತ್ತದೆ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರದಲ್ಲಿ ಇದನ್ನು ಅಳೆದು 1952ರಲ್ಲಿ ಲೆಕ್ಕ ಸಮೇತ ತೋರಿಸಿದರು. ಅಂದರೆ ಹೇಗಾದರೂ ಆ 15 ಮಿಲಿವೋಲ್ಟ್ ಏರಿಸಿದರೆ ಸಾಕು, ಉಳಿದದ್ದು ನರವೇ ನೋಡಿಕೊಳ್ಳುತ್ತದೆ.

ಉತ್ತರ 2:
ಆ 15ನ್ನು ಏರಿಸುವುದೇ ಬೆಳಕಿನ ಕೆಲಸ. ನಿಮ್ಮ ಬೆರಳಿನ ನರದಲ್ಲಿ ಬೆಳಕಿಗೆ ತೆರೆಯುವ ಬಾಗಿಲಿಲ್ಲ. ಕ್ಲಾಮಿಡೊಮೊನಾಸ್ ಎಂಬ ಒಂದೇ ಕೋಶದ ಹಸಿರು ಪಾಚಿಯಲ್ಲಿದೆ, ಬೆಳಕು ಯಾವ ಕಡೆ ಅಂತ ತಿಳಿದು ಈಜಲು. ಆ ಬಾಗಿಲು ಒಂದು ಪ್ರೋಟೀನ್, ಹೆಸರು ಚಾನಲ್‌ರೊಡಾಪ್ಸಿನ್. ನೀಲಿ ಬೆಳಕು ಬಿದ್ದರೆ ತೆರೆದುಕೊಂಡು ಪ್ಲಸ್ ಅಯಾನುಗಳನ್ನು ಒಳಬಿಡುತ್ತದೆ. ಜರ್ಮನಿಯ ನಾಗೆಲ್, ಹೆಗೆಮನ್, ಬಾಂಬರ್ಗ್ 2002-03ರಲ್ಲಿ ಇದನ್ನು ತೋರಿಸಿದರು. 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಬಾಯ್ಡನ್, ಡೈಸರಾತ್ ಮತ್ತು ಜೊತೆಗಾರರು ಇದರ ಜೀನನ್ನು ವೈರಸ್ ಮೂಲಕ ಇಲಿಯ ನರಕೋಶಕ್ಕೆ ಸೇರಿಸಿದರು. ಬೆಳಕು ಮಿಂಚಿದಾಗೆಲ್ಲ ಕೋಶ ಸಿಗ್ನಲ್ ಕೊಟ್ಟಿತು!

ವಿದ್ಯುತ್ ಕಡ್ಡಿ ಚುಚ್ಚಿದರೆ ಸುತ್ತಲಿನ ಕೋಶಗಳೆಲ್ಲ ಎಚ್ಚರಗೊಳ್ಳುತ್ತವೆ. ಇಲ್ಲಿ ಜೀನ್ ಸೇರಿದ ಬಗೆಯ ಕೋಶ ಮಾತ್ರ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಲಾಭ ಅನಿಸುತ್ತದೆ. ಪಾಚಿ ಹೇಗೆ ಈಜುತ್ತದೆ ಅಂತ ವರ್ಷಗಟ್ಟಲೆ ನೋಡುತ್ತಾ ಕೂತವರಿಂದ ಇದು ಸಿಕ್ಕಿತು ಅನ್ನುವುದನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಈಗ ಅರ್ಥವಾಯಿತು! ಕೋಶವನ್ನು ಸುಮ್ಮನಾಗಿಸಲೂಬಹುದಾ? ಮನುಷ್ಯರಲ್ಲಿ ಮಾಡಿದ್ದಾರಾ?

ಉತ್ತರ 3:
ಎರಡೂ ಹೌದು. ಹೇಲೊರೊಡಾಪ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಹಳದಿ ಬೆಳಕಿಗೆ ಕ್ಲೋರೈಡನ್ನು ಒಳತಳ್ಳುತ್ತದೆ, ಒಳಗೆ ಮೈನಸ್ ಜಾಸ್ತಿಯಾಗಿ ಕೋಶ ತೆಪ್ಪಗಾಗುತ್ತದೆ. ಮನುಷ್ಯರಲ್ಲಿ ಮೊದಲು ಕಣ್ಣಿಗೇ ಕೈಹಾಕಿದರು, ಅಲ್ಲಿಗೆ ಬೆಳಕು ತಾನೇ ಹೋಗುತ್ತದೆ, ಫೈಬರ್ ಬೇಡ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಹೋಗಿದ್ದ 58 ವರ್ಷದವರೊಬ್ಬರ ಒಂದು ಕಣ್ಣಿಗೆ ಚಾನಲ್‌ರೊಡಾಪ್ಸಿನ್ ಬಗೆಯದೇ ಜೀನ್ ಕೊಟ್ಟ ವರದಿ 2021ರಲ್ಲಿ ಬಂತು. ವಿಶೇಷ ಕನ್ನಡಕ ಹಾಕಿಕೊಂಡು ಅವರು ಮೇಜಿನ ಮೇಲಿದ್ದ ನೋಟ್‌ಬುಕ್ ಎಲ್ಲಿದೆ ಅಂತ ಕಂಡು, ಕೈಚಾಚಿ ಮುಟ್ಟಿದರು.